'ಸೊಳ್ಳೆ ತಿನ್ನುವ ಗಿಡ' ಮನೆ ಮುಂದಿಟ್ಟರೆ ಡೆಂಗಿ ದೂರವೇ? ಗದಗಿನ ಬಿಸಿಲಲ್ಲಿ ಕೀಟಾಹಾರಿ ಗಿಡ ಬೆಳೆಸುವ ಮುನ್ನ ಇದನ್ನು ಓದಿ

ಬಾಯಿ ತೆರೆದು ಕೂತ ಎಲೆಯೊಂದು ನೊಣ ಕೂತ ತಕ್ಷಣ ಪಟ್ ಎಂದು ಮುಚ್ಚಿಕೊಳ್ಳುವ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಇಂಥ ವಿಡಿಯೊಗಳ ಕೆಳಗೆ ಸಾಮಾನ್ಯವಾಗಿ ಮೂರು ಬಗೆಯ ಮಾತು ಇರುತ್ತವೆ. ಈ ಗಿಡ ಮನೆ ಮುಂದಿದ್ದರೆ ಸೊಳ್ಳೆ ಕಾಟ ಇಲ್ಲ, ಡೆಂಗಿ ಬರುವುದಿಲ್ಲ ಎನ್ನುವುದು ಒಂದು. ಇದು ಕಾಡಿನ ತಂಪಿನ ಗಿಡ, ನಮ್ಮ ಬಿಸಿಲಿಗೆ ಒಂದು ದಿನವೂ ಬದುಕುವುದಿಲ್ಲ ಎನ್ನುವುದು ಇನ್ನೊಂದು. ದೊಡ್ಡದಾಗಿ ಬೆಳೆದರೆ ಮನುಷ್ಯರನ್ನೂ ಹಿಡಿಯುತ್ತದೆ ಎನ್ನುವುದು ಮೂರನೆಯದು.

ಈ ಮೂರನ್ನೂ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಬಿಸಿಲು, ಮಣ್ಣು ಮತ್ತು ನೀರಿನ ಲೆಕ್ಕದಲ್ಲಿ ನಾವು ಒಂದೊಂದಾಗಿ ನೋಡೋಣ. ಮೊದಲ ಮಾತು ಬರೀ ತಪ್ಪಲ್ಲ, ಅದನ್ನು ನಂಬಿದರೆ ಅಪಾಯವೂ ಇದೆ. ಗಿಡವನ್ನು ತಪ್ಪಾಗಿ ಇಟ್ಟರೆ ಡೆಂಗಿ ಸೊಳ್ಳೆಗೆ ನಾವೇ ತೊಟ್ಟಿಲು ಕಟ್ಟಿಕೊಟ್ಟಂತೆ.

ಮೊದಲು: ಈ ಗಿಡಗಳು ಹುಳ ಏಕೆ ತಿನ್ನುತ್ತವೆ?

ಜಗತ್ತಿನಲ್ಲಿ 600ಕ್ಕೂ ಹೆಚ್ಚು ಬಗೆಯ ಕೀಟಾಹಾರಿ ಸಸ್ಯಗಳಿವೆ. ಇವೂ ಉಳಿದ ಗಿಡಗಳ ಹಾಗೆ ಬಿಸಿಲಿನಿಂದಲೇ ತಮ್ಮ ಅಡುಗೆ ಮಾಡಿಕೊಳ್ಳುತ್ತವೆ. ಹುಳದಿಂದ ಅವಕ್ಕೆ ಬೇಕಾದದ್ದು ಶಕ್ತಿಯಲ್ಲ, ಗೊಬ್ಬರ. ಸಾರಜನಕ, ರಂಜಕ ಬಹಳ ಕಡಿಮೆ ಇರುವ ಜೌಗು ನೆಲ, ಕಲ್ಲುಬಂಡೆ, ಮರಳುನೆಲಗಳಲ್ಲಿ ಹುಟ್ಟಿದ ಈ ಗಿಡಗಳು ಮಣ್ಣಿನಲ್ಲಿ ಸಿಗದ್ದನ್ನು ಹುಳದ ಮೈಯಿಂದ ಪಡೆಯುತ್ತವೆ. ಚಾರ್ಲ್ಸ್ ಡಾರ್ವಿನ್ ಈ ಗಿಡಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿ 1875ರಲ್ಲಿ ಒಂದು ಪುಸ್ತಕವನ್ನೇ ಬರೆದರು.

ಈ ಒಂದು ಸಂಗತಿ ನೆನಪಿದ್ದರೆ ಮುಂದಿನದೆಲ್ಲ ಸುಲಭ. ಬಡ ಮಣ್ಣಿಗೆ ಒಗ್ಗಿದ ಬೇರಿಗೆ ಗೊಬ್ಬರವೂ ಉಪ್ಪಿನ ನೀರೂ ವಿಷವಿದ್ದಂತೆ.

ಸೊಳ್ಳೆ ತಿನ್ನುತ್ತದೆಯೇ?

ಉತ್ತರ: ಆಗೊಮ್ಮೆ ಈಗೊಮ್ಮೆ ಒಂದು ಸಿಗಬಹುದು. ಮನೆಯ ಸೊಳ್ಳೆ ಕಡಿಮೆಯಾಗುವಷ್ಟು ಎಂದಿಗೂ ಇಲ್ಲ.

ಕಾರಣ ಸರಳ. ಕೀಟಾಹಾರಿ ಗಿಡ ಹುಳವನ್ನು ಕರೆಯುವುದು ಸಿಹಿ ರಸ, ಬಣ್ಣ, ವಾಸನೆಗಳಿಂದ. ಕಚ್ಚುವ ಹೆಣ್ಣು ಸೊಳ್ಳೆ ಹುಡುಕುವುದು ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಬಿಸಿ ಮತ್ತು ಬೆವರಿನ ವಾಸನೆಯನ್ನು. ಪಕ್ಕದಲ್ಲೇ ನೀವು ಕೂತಿರುವಾಗ ಅದು ಗಿಡದ ಕಡೆಗೆ ಹೋಗುವುದಿಲ್ಲ.

ವಿಡಿಯೊಗಳಲ್ಲಿ ಹೆಚ್ಚಾಗಿ ಕಾಣುವ ಗಿಡ ವೀನಸ್ ಫ್ಲೈಟ್ರ್ಯಾಪ್. ಅಮೆರಿಕದ ಉತ್ತರ ಮತ್ತು ದಕ್ಷಿಣ ಕೆರೊಲಿನಾ ರಾಜ್ಯಗಳ ಕರಾವಳಿ ಬಯಲಿನ ಒಂದು ಸಣ್ಣ ಪ್ರದೇಶ ಬಿಟ್ಟರೆ ಇದು ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ. ಹೆಸರಿನಲ್ಲಿ ನೊಣ ಇದ್ದರೂ, ಅದು ತನ್ನ ತವರಿನಲ್ಲಿ ಹೆಚ್ಚಾಗಿ ಹಿಡಿಯುವುದು ಇರುವೆ, ಜೇಡ, ಜೀರುಂಡೆ, ಮಿಡತೆಯಂಥ ನೆಲದ ಮೇಲೆ ಓಡಾಡುವ ಜೀವಿಗಳನ್ನು. ಹಾರುವ ಕೀಟಗಳ ಪಾಲು ಅದರ ಊಟದಲ್ಲಿ ಬಹಳ ಸಣ್ಣದು.

ಅದರ ಎಲೆಯೊಳಗೆ ಸೂಕ್ಷ್ಮವಾದ ಕೂದಲುಗಳಿವೆ. ಸುಮಾರು 20 ಸೆಕೆಂಡಿನೊಳಗೆ ಎರಡು ಸಲ ಮುಟ್ಟಿದರೆ ಮಾತ್ರ ಎಲೆ ಮುಚ್ಚುತ್ತದೆ. ಒಂದೇ ಸಲ ಮುಟ್ಟಿದರೆ ಅದು ಮಳೆಹನಿಯೋ ಕಸವೋ ಇರಬಹುದೆಂದು ಸುಮ್ಮನಿರುತ್ತದೆ. ಸಿಕ್ಕಿಬಿದ್ದ ಹುಳ ಒಳಗೆ ಒದ್ದಾಡುತ್ತಲೇ ಇದ್ದರೆ ಜೀರ್ಣರಸ ಬಿಡುಗಡೆಯಾಗುತ್ತದೆ. ಒಂದು ಹುಳ ಅರಗಲು ವಾರಕ್ಕೂ ಹೆಚ್ಚು ಬೇಕು. ಒಂದು ಎಲೆ ಮೂರ್ನಾಲ್ಕು ಸಲ ಬೇಟೆಯಾಡಿ ಸಾಯುತ್ತದೆ. ಹತ್ತು ಎಲೆಯ ಗಿಡವೊಂದು ತಿಂಗಳಿಗೆ ಎಷ್ಟು ಹುಳ ತಿಂದೀತು, ನೀವೇ ಲೆಕ್ಕ ಹಾಕಿ. ಸಂಜೆ ಅರ್ಧ ಗಂಟೆ ಬಾಗಿಲು ತೆರೆದಿಟ್ಟರೆ ಒಳಗೆ ನುಗ್ಗುವ ಗುಂಗಾಡುಗಳು ಅದಕ್ಕಿಂತ ಹೆಚ್ಚು.

ಇನ್ನೊಂದು ಸೋಜಿಗ. ಉತ್ತರ ಅಮೆರಿಕದ ಸರಸೇನಿಯಾ ಎಂಬ ಹೂಜಿ ಗಿಡದ ಒಂದು ಜಾತಿಯಲ್ಲಿ, ಎಲೆಯಲ್ಲಿ ನಿಂತ ನೀರಿನೊಳಗೇ ಒಂದು ಬಗೆಯ ಸೊಳ್ಳೆಯ ಮರಿಗಳು ಬೆಳೆಯುತ್ತವೆ. ಬೇರೆಡೆ ಅವು ಬೆಳೆಯುವುದೇ ಇಲ್ಲ. ಹುಳ ತಿನ್ನುವ ಗಿಡದ ಹೊಟ್ಟೆಯಲ್ಲೇ ಸೊಳ್ಳೆಯ ಸಂಸಾರ!

ಹಾಗಾದರೆ ಸೊಳ್ಳೆ ಹಿಡಿಯುವ ಗಿಡವೇ ಇಲ್ಲವೇ? ಇದೆ. ನೀರಿನೊಳಗೆ ಬೆಳೆಯುವ ಯುಟ್ರಿಕ್ಯುಲೇರಿಯಾ ಎಂಬ ಗಿಡ ಸಣ್ಣ ಚೀಲಗಳಿಂದ ಸೊಳ್ಳೆಮರಿಗಳನ್ನು ಒಳಗೆ ಎಳೆದುಕೊಳ್ಳುತ್ತದೆ. ಅಮೆರಿಕದ ಒಂದು ಜಾತಿಯನ್ನು ಬಳಸಿ ಪ್ರಯೋಗಾಲಯದಲ್ಲಿ ನೋಡಿದಾಗ, ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮರಿಗಳಲ್ಲಿ ಬಹುಪಾಲು ಒಂದು ವಾರದೊಳಗೆ ಸತ್ತಿದ್ದವು. ಆದರೆ ಅದು ಪ್ರಯೋಗದ ಪಾತ್ರೆಯ ಮಾತು. ಮನೆಯ ಬ್ಯಾರಲ್‌ಗೆ ಹಾಕಿ ನಿಶ್ಚಿಂತೆಯಾಗಿರಬಹುದಾದ ಮದ್ದಾಗಿ ಅದಿನ್ನೂ ಬಂದಿಲ್ಲ.

ಅಪಾಯ ಗಿಡದಲ್ಲಿಲ್ಲ, ಅದರ ಕೆಳಗಿನ ತಟ್ಟೆಯಲ್ಲಿದೆ

ಕೀಟಾಹಾರಿ ಗಿಡಕ್ಕೆ ಬೇರು ಸದಾ ಒದ್ದೆಯಾಗಿರಬೇಕು. ಅದಕ್ಕೇ ಕುಂಡವನ್ನು ನೀರು ತುಂಬಿದ ತಟ್ಟೆಯಲ್ಲಿ ಇಡಿ ಎಂದು ಎಲ್ಲ ವಿಡಿಯೊಗಳೂ ಹೇಳುತ್ತವೆ. ಈ ಸಲಹೆ ಗಿಡದ ಮಟ್ಟಿಗೆ ಸರಿ. ಆದರೆ ಈಡಿಸ್ ಸೊಳ್ಳೆಗೆ ಬೇಕಾದದ್ದೂ ಇದೇ: ನೆರಳಿನಲ್ಲಿ ನಿಂತ ಒಂದಿಷ್ಟು ಸ್ವಚ್ಛ ನೀರು. ಇದು ಹಗಲಲ್ಲೇ ಕಚ್ಚುವ ಸೊಳ್ಳೆ. ಚರಂಡಿಗಿಂತ ಮನೆಯ ಬಕೆಟ್, ಟೈರು, ಕುಂಡದ ತಟ್ಟೆಯೇ ಅದಕ್ಕೆ ಇಷ್ಟ. ನಮ್ಮ ಹವೆಯಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು.

ಗದಗ-ಬೆಟಗೇರಿಯಲ್ಲಿ ತುಂಗಭದ್ರೆಯ ನೀರು ನಲ್ಲಿಗೆ ಬರುವುದು ಹಲವು ದಿನಗಳಿಗೊಮ್ಮೆ. ಹಾಗಾಗಿ ಬ್ಯಾರಲ್, ಕೊಡ, ಸಿಮೆಂಟ್ ತೊಟ್ಟಿಗಳಲ್ಲಿ ನೀರು ಹಿಡಿದಿಡುವುದು ಇಲ್ಲಿ ಪ್ರತಿ ಮನೆಯ ಅನಿವಾರ್ಯ. ಸೊಳ್ಳೆಗೆ ಈಗಾಗಲೇ ಅಷ್ಟು ಜಾಗ ಇರುವಾಗ, ಡೆಂಗಿ ಓಡಿಸಲೆಂದು ತಂದ ಗಿಡದ ತಟ್ಟೆ ಇನ್ನೊಂದು ಜಾಗವಾಗಬಾರದು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ನಿಗದಿ ಮಾಡಿತು. ದಂಡಕ್ಕಿಂತ ಜ್ವರದ ಖರ್ಚು ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಿಲ್ಲ.

ಪರಿಹಾರ ಸುಲಭ:

• ತಟ್ಟೆಗೆ ತೊಳೆದ ದಪ್ಪ ಮರಳು ತುಂಬಿ. ನೀರಿನ ಮಟ್ಟ ಮರಳಿನ ಮೇಲ್ಮೈಗಿಂತ ಕೆಳಗೇ ಇರಲಿ. ಬೇರಿಗೆ ನೀರು ಸಿಗುತ್ತದೆ, ಸೊಳ್ಳೆಗೆ ಸಿಗುವುದಿಲ್ಲ.
• ಮರಳಿಲ್ಲದ ತಟ್ಟೆಯಾದರೆ ವಾರಕ್ಕೊಮ್ಮೆ ಖಾಲಿ ಮಾಡಿ, ಬ್ರಷ್‌ನಿಂದ ಗೋಡೆ ಉಜ್ಜಿ ತೊಳೆಯಿರಿ. ಈಡಿಸ್ ಮೊಟ್ಟೆಗಳು ತಟ್ಟೆಯ ಅಂಚಿಗೆ ಅಂಟಿಕೊಂಡು ನೀರಿಲ್ಲದೆಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಬರೀ ನೀರು ಚೆಲ್ಲಿದರೆ ಸಾಲದು.
• ಊರಿಗೆ ಹೋಗುವಾಗ ತಟ್ಟೆ ತುಂಬಿಸಿಟ್ಟು ಹೋಗಬೇಡಿ.

ಬಿಸಿಲಿಗೆ ಸಾಯುತ್ತದೆಯೇ?

ಕೀಟಾಹಾರಿ ಗಿಡ ಅಂದರೆ ದೂರದ ಮಳೆಕಾಡಿನ ಗಿಡ ಎಂಬುದು ಅರ್ಧ ಸತ್ಯ. ಇದಕ್ಕೆ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಇದೆ.

ಗದಗಿನ ಬಿಂಕದಕಟ್ಟಿ ಬಳಿಯಿಂದ ತುಂಗಭದ್ರೆಯ ದಡದ ಸಿಂಗಟಾಲೂರಿನತ್ತ ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡ ಔಷಧಿ ಸಸ್ಯಗಳಿಗೆ ಹೆಸರುವಾಸಿ. ಅಲ್ಲಿ ಡ್ರೊಸೆರಾ ಎಂಬ ಕೀಟಾಹಾರಿ ಗಿಡ ಇರುವುದೂ ದಾಖಲಾಗಿದೆ. ಇಂಗ್ಲಿಷಿನಲ್ಲಿ ಇದಕ್ಕೆ ಸನ್‌ಡ್ಯೂ, ಅಂದರೆ ಬಿಸಿಲಿನ ಇಬ್ಬನಿ ಎನ್ನುತ್ತಾರೆ. ಎಲೆಯ ತುಂಬ ಕೆಂಪು ಕೂದಲು, ಪ್ರತಿ ಕೂದಲ ತುದಿಯಲ್ಲಿ ಅಂಟಿನ ಒಂದು ಹನಿ. ಮಧ್ಯಾಹ್ನದ ಬಿಸಿಲಲ್ಲೂ ಆರದ ಆ ಹನಿಯನ್ನು ಜೇನೆಂದು ನಂಬಿ ಕೂತ ಸಣ್ಣ ಹುಳಕ್ಕೆ ಮತ್ತೆ ಏಳಲಾಗುವುದಿಲ್ಲ. ಸುತ್ತಲಿನ ಕೂದಲುಗಳು ಬಾಗಿ ಅದನ್ನು ಒತ್ತಿ ಹಿಡಿಯುತ್ತವೆ.

ನಮ್ಮ ಬಯಲುಸೀಮೆಯಲ್ಲಿ ಮುಖ್ಯವಾಗಿ ಎರಡು ಜಾತಿ ಕಾಣಸಿಗುತ್ತವೆ. ಡ್ರೊಸೆರಾ ಇಂಡಿಕಾ ದಾರದಂಥ ಉದ್ದ ಎಲೆಗಳ ಗಿಡ. ಡ್ರೊಸೆರಾ ಬರ್ಮಾನಿ ನೆಲಕ್ಕೆ ಅಂಟಿಕೊಂಡ, ನಾಣ್ಯದಷ್ಟು ಅಗಲದ ಕೆಂಪು ಚಕ್ರ. ಬರ್ಮಾನಿಯ ಅಂಚಿನ ಕೂದಲುಗಳು ಹುಳ ಸಿಕ್ಕ ಕೆಲವೇ ಸೆಕೆಂಡುಗಳಲ್ಲಿ ಬಾಗುತ್ತವೆ. ಡ್ರೊಸೆರಾ ಜಾತಿಗಳಲ್ಲೇ ಇದು ಅತಿ ಚುರುಕಿನವುಗಳಲ್ಲಿ ಒಂದು.

ಬೇಸಿಗೆಯಲ್ಲಿ ಗುಡ್ಡದ ಕಲ್ಲು ಕಾದ ಹೆಂಚಿನಂತಾಗುವಾಗ ಇವು ಹೇಗೆ ಬದುಕುತ್ತವೆ? ಇಂಡಿಕಾ ಬದುಕುವುದೇ ಇಲ್ಲ! ಮಳೆಗಾಲದಲ್ಲಿ ಮೊಳೆತು, ಹೂ ಬಿಟ್ಟು, ಧೂಳಿನಷ್ಟು ಸಣ್ಣ ಬೀಜ ಉದುರಿಸಿ, ನೆಲ ಒಣಗುವಾಗ ತಾನೂ ಒಣಗುತ್ತದೆ. ಒಣನೆಲದಲ್ಲಿ ಬರ್ಮಾನಿಯದೂ ಹೆಚ್ಚುಕಡಿಮೆ ಇದೇ ದಾರಿ. ಬೀಜ ಮಾತ್ರ ಮುಂದಿನ ಮಳೆಗೆ ಕಾಯುತ್ತದೆ. ನಮ್ಮ ಹೊಲದ ಹೆಸರು, ಶೇಂಗಾದ ಹಾಗೆ ಇವೂ ಒಂದು ಹಂಗಾಮಿನ ಗಿಡಗಳು.

ಅಂದರೆ ಬಿಸಿಲು ಈ ಗಿಡಗಳ ಶತ್ರುವಲ್ಲ. ಹೆಚ್ಚಿನವಕ್ಕೆ ಒಳ್ಳೆಯ ಬಿಸಿಲು ಬೇಕೇ ಬೇಕು. ಕೊಲ್ಲುವುದು ಕಾದ ಕುಂಡ, ಒಣಗಾಳಿ ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ನೀರು.

ನಿಜವಾದ ಕೊಲೆಗಾರ: ನಮ್ಮ ಬೋರ್‌ವೆಲ್ ನೀರು

ಜಿಲ್ಲೆಯ ಅನೇಕ ಕಡೆ ಅಂತರ್ಜಲ ಗಡಸು. ಮುಂಡರಗಿ ತಾಲ್ಲೂಕಿನ ಹಳ್ಳಿಗಳಲ್ಲಿ ಫ್ಲೋರೈಡ್ ಸಮಸ್ಯೆ ಹಳೆಯದು. ಹಂಡೆಯ ಒಳಗೆ ಬಿಳಿ ಪದರ ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಕುಂಡದಲ್ಲೂ ಅದೇ ಆಗುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಲವಣ ಉಳಿಯುತ್ತದೆ. ದಿನವೂ ಹಾಕುತ್ತ ಹೋದರೆ ಕೆಲವು ವಾರಗಳಲ್ಲಿ ಬೇರು ಸುಟ್ಟು ಎಲೆ ಕಪ್ಪಾಗುತ್ತದೆ. ಬಿಸಿಲು ಹೆಚ್ಚಿದಷ್ಟೂ ನೀರು ಬೇಗ ಆರಿ ಲವಣ ಬೇಗ ಸೇರುತ್ತದೆ. ನೋಡಿದವರು 'ಬಿಸಿಲಿಗೆ ಸತ್ತಿತು' ಎನ್ನುತ್ತಾರೆ.

ನೀರಿನಲ್ಲಿ ಕರಗಿದ ಲವಣದ ಒಟ್ಟು ಅಳತೆಗೆ ಟಿಡಿಎಸ್ ಎನ್ನುತ್ತಾರೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ಮೂಲ ಇಲ್ಲದಿದ್ದರೆ 2000ದವರೆಗೂ ಒಪ್ಪಬಹುದು. ಕೀಟಾಹಾರಿ ಗಿಡ ಬೆಳೆಸುವವರು ಪಾಲಿಸುವ ಮಿತಿ ಸುಮಾರು 50. ನಮಗೆ ಕುಡಿಯಲು ಒಳ್ಳೆಯ ನೀರೂ ಗಿಡಕ್ಕೆ ಹತ್ತು ಪಟ್ಟು ಉಪ್ಪು ಎಂದಾಯಿತು.

ಕಾಯಿಸಿ ಆರಿಸಿದರೆ ಆಗದೇ ಎಂದು ಕೇಳಬಹುದು. ಆಗದು. ಕುದಿಸಿದಾಗ ಸುಣ್ಣದ ಒಂದಂಶ ತಳಕ್ಕೆ ಕೂರುತ್ತದೆ, ಉಳಿದ ಲವಣ ನೀರಿನಲ್ಲೇ ಇರುತ್ತದೆ. ಕ್ಯಾಂಡಲ್ ಫಿಲ್ಟರ್ ಕೂಡ ಕರಗಿದ ಉಪ್ಪನ್ನು ತೆಗೆಯುವುದಿಲ್ಲ. ಉಪಯೋಗಕ್ಕೆ ಬರುವ ನೀರು ಇವು:

• ಮಳೆನೀರು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 10 ಚದರ ಮೀಟರಿನ ತಗಡಿನ ಶೀಟ್ ಇದ್ದರೆ 20 ಮಿಲಿಮೀಟರಿನ ಒಂದೇ ಮಳೆಗೆ 200 ಲೀಟರಿನ ಬ್ಯಾರಲ್ ತುಂಬುತ್ತದೆ. ಮೊದಲ ಕೆಲವು ನಿಮಿಷದ ಧೂಳಿನ ನೀರನ್ನು ಹೊರಗೆ ಬಿಡಿ. ಬ್ಯಾರಲ್‌ಗೆ ಬಿಗಿ ಮುಚ್ಚಳ ಅಥವಾ ಸೊಳ್ಳೆಪರದೆಯ ಬಟ್ಟೆ ಕಟ್ಟಿ.
• ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು. ಘಟಕದಿಂದ ಘಟಕಕ್ಕೆ ಟಿಡಿಎಸ್ ಬೇರೆ ಇರುತ್ತದೆ. ಪೆನ್ನಿನಂಥ ಟಿಡಿಎಸ್ ಮೀಟರ್‌ನಲ್ಲಿ ಒಮ್ಮೆ ಅಳೆದು ನೋಡಿ.
• ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಅಂಗಡಿಯಲ್ಲಿ ಇದರ ಪಕ್ಕದಲ್ಲೇ ಆಸಿಡ್ ಕ್ಯಾನ್ ಕೂಡ ಇರಬಹುದು. ಲೇಬಲ್ ಓದದೆ ತರಬೇಡಿ.

ಹೊರಗೆ ಬೆಳೆಸುವುದು ಹೇಗೆ?

ಮಣ್ಣು: ನಮ್ಮ ಎರಿ ಮಣ್ಣು ಹತ್ತಿಗೆ ಚಿನ್ನ, ಈ ಗಿಡಕ್ಕೆ ಮಣ್ಣೇ ಅಲ್ಲ. ಅದರಲ್ಲಿ ಸುಣ್ಣದ ಅಂಶ ಇದೆ, ಪೋಷಕಾಂಶವೂ ಇದೆ. ಮಸಾರಿ ಮಣ್ಣೂ ಬೇಡ. ಸಗಣಿ ಗೊಬ್ಬರ, ಎರೆಗೊಬ್ಬರ, ಯೂರಿಯಾ ಯಾವುದನ್ನೂ ಹಾಕಬೇಡಿ. ಗೊಬ್ಬರ ಬೆರೆಸದ ಪೀಟ್ ಅಥವಾ ಸ್ಫ್ಯಾಗ್ನಮ್ ಪಾಚಿ ಎರಡು ಪಾಲು, ಚೆನ್ನಾಗಿ ತೊಳೆದ ದಪ್ಪ ಮರಳು ಒಂದು ಪಾಲು ಸಾಕು. ಮರಳಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ನೊರೆ ಬಂದರೆ ಅದರಲ್ಲಿ ಸುಣ್ಣವಿದೆ, ಬಿಟ್ಟುಬಿಡಿ. ಕೊಕೊಪೀಟ್ ಬಳಸುವುದಾದರೆ ಅದರಲ್ಲಿ ಉಪ್ಪಿರುತ್ತದೆ, ಕಡಿಮೆ ಟಿಡಿಎಸ್ ನೀರಿನಲ್ಲಿ ಹಲವು ಸಲ ನೆನೆಸಿ ಹಿಂಡಿ.

ಕುಂಡ: ಸಣ್ಣ ಕಪ್ಪು ಪ್ಲಾಸ್ಟಿಕ್ ಕುಂಡ ಏಪ್ರಿಲ್‌ನಲ್ಲಿ ಬೇರನ್ನು ಬೇಯಿಸುತ್ತದೆ. ಬಿಳಿ ಬಣ್ಣದ, ಆಳವಾದ ಪ್ಲಾಸ್ಟಿಕ್ ಕುಂಡ ಒಳ್ಳೆಯದು. ಅದನ್ನು ಇನ್ನೊಂದು ದೊಡ್ಡ ಕುಂಡದೊಳಗೆ ಇಟ್ಟು ನಡುವೆ ಮರಳು ತುಂಬಿದರೆ ಇನ್ನೂ ತಂಪು. ಮಾಳಿಗೆಯ ಕಾದ ಸಿಮೆಂಟಿನ ಮೇಲೆ ನೇರವಾಗಿ ಇಡಬೇಡಿ, ಇಟ್ಟಿಗೆ ಅಥವಾ ಹಲಗೆಯ ಮೇಲಿಡಿ.

ಬಿಸಿಲು ಮತ್ತು ಗಾಳಿ: ಜೂನ್‌ನಿಂದ ಫೆಬ್ರುವರಿವರೆಗೆ ಬೆಳಗಿನ ನಾಲ್ಕೈದು ಗಂಟೆ ನೇರ ಬಿಸಿಲು ಬೀಳಲಿ. ಮಾರ್ಚ್‌ನಿಂದ ಮೇವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ 50 ಶೇಕಡಾ ನೆರಳಿನ ಹಸಿರು ಬಲೆ ಕಟ್ಟಿ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿಯೇ ನಮ್ಮ ಮಾಳಿಗೆಗೂ ಬರುತ್ತದೆ. ಗಿಡ ಗೋಡೆಯ ಮರೆಯಲ್ಲಿರಲಿ, ಸುತ್ತ ಬೇರೆ ಕುಂಡಗಳಿರಲಿ.

ಊಟ: ಹೊರಗಿಟ್ಟ ಗಿಡಕ್ಕೆ ನೀವು ಏನೂ ಕೊಡಬೇಕಿಲ್ಲ. ಮಾಂಸದ ಚೂರು, ಹಾಲು, ಅನ್ನ ಹಾಕಿದರೆ ಎಲೆ ಕೊಳೆಯುತ್ತದೆ. ಮಕ್ಕಳು ಆಟಕ್ಕೆಂದು ಫ್ಲೈಟ್ರ್ಯಾಪ್ ಎಲೆ ಮುಟ್ಟಿ ಮುಟ್ಟಿ ಮುಚ್ಚಿಸಿದರೆ ಗಿಡದ ಶಕ್ತಿ ವ್ಯರ್ಥ. ಬೇವಿನೆಣ್ಣೆಯೋ ಬೇರೆ ಕೀಟನಾಶಕವೋ ಎಲೆಗೆ ಸಿಂಪಡಿಸಬೇಡಿ.

ಯಾವ ಗಿಡ ತರಬಹುದು?

ಹೊಸಬರಿಗೆ ಡ್ರೊಸೆರಾ ಬರ್ಮಾನಿಯೇ ಸರಿ. ನರ್ಸರಿಯಲ್ಲಿ ಬೆಳೆಸಿದ ಬೀಜ ತಂದು ಮಳೆಗಾಲದ ಆರಂಭದಲ್ಲಿ ಒದ್ದೆ ಪೀಟ್ ಮೇಲೆ ಉದುರಿಸಿ. ಮಣ್ಣು ಮುಚ್ಚಬೇಡಿ, ಬೆಳಕಿಲ್ಲದೆ ಮೊಳೆಯುವುದಿಲ್ಲ. ಗಿಡ ಸತ್ತರೂ ಬೀಜ ಅದೇ ಕುಂಡದಲ್ಲಿ ಉಳಿದು ಮತ್ತೆ ಹುಟ್ಟುತ್ತದೆ.

ಹೂಜಿ ಗಿಡ ಬೇಕೆಂದರೆ ನೆಪೆಂಥಿಸ್ ವೆಂಟ್ರಾಟಾ ಎಂಬ ಮಿಶ್ರತಳಿ ಗಟ್ಟಿ ಜೀವದ್ದು. ಇದನ್ನು ನೀರಿನ ತಟ್ಟೆಯಲ್ಲಿ ಇಡಬಾರದು, ಮೇಲಿಂದ ನೀರು ಹಾಕಿ ಬಸಿದುಹೋಗಲು ಬಿಡಬೇಕು. ಬೇಸಿಗೆಯ ಒಣಹವೆಗೆ ಹೂಜಿಗಳು ಒಣಗಬಹುದು, ನೆರಳಿನಲ್ಲಿದ್ದರೆ ಗಿಡ ಉಳಿದು ಮಳೆಗಾಲದಲ್ಲಿ ಮತ್ತೆ ಹೂಜಿ ಬಿಡುತ್ತದೆ.

ವೀನಸ್ ಫ್ಲೈಟ್ರ್ಯಾಪ್ ಇಲ್ಲಿ ಕಷ್ಟದ ಗಿಡ. ಅದರ ತವರಿನಲ್ಲಿ ಬೇಸಿಗೆ ಸಾಕಷ್ಟು ಬಿಸಿಯೇ, ಆದರೆ ಚಳಿಗಾಲ ನಿಜವಾದ ಚಳಿಗಾಲ. ವರ್ಷಕ್ಕೆ ಮೂರ್ನಾಲ್ಕು ತಿಂಗಳು ಅದು ಚಳಿಯಲ್ಲಿ ವಿಶ್ರಾಂತಿ ಪಡೆಯಬೇಕು. ನಮ್ಮ ಡಿಸೆಂಬರ್ ಅದಕ್ಕೆ ಸಾಲದು. ವಿಶ್ರಾಂತಿ ಸಿಗದ ಗಿಡ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ.

ಆನ್‌ಲೈನ್‌ನಲ್ಲಿ ನೀಲಿ, ನೇರಳೆ ಬಣ್ಣದ ಫ್ಲೈಟ್ರ್ಯಾಪ್ ಬೀಜ ಎಂದು ಮಾರುವುದನ್ನು ನಂಬಬೇಡಿ. ಈ ಗಿಡಕ್ಕೆ ಇರುವುದು ಹಸಿರು ಮತ್ತು ಕೆಂಪಿನ ಛಾಯೆಗಳು ಮಾತ್ರ, ಉಳಿದದ್ದು ಫೋಟೊದ ಬಣ್ಣ. ನಿಜವಾದ ಬೀಜ ಸಿಕ್ಕರೂ ದೊಡ್ಡ ಗಿಡವಾಗಲು ಮೂರರಿಂದ ಐದು ವರ್ಷ ಬೇಕು.

ಗುಡ್ಡದಿಂದ ಕಿತ್ತು ತರಬಹುದೇ?

ಬೇಡ. ದೊಡ್ಡ ಹೋರಾಟದ ಬಳಿಕ ಉಳಿದ ಗುಡ್ಡವಿದು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಸೇರಿದಂತೆ ಅನೇಕರು ಗಣಿಗಾರಿಕೆಯ ವಿರುದ್ಧ ದನಿ ಎತ್ತಿದ್ದರು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ಕಪ್ಪತಗುಡ್ಡ ವನ್ಯಜೀವಿಧಾಮವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವನ್ಯಜೀವಿಧಾಮದಿಂದ ಅನುಮತಿಯಿಲ್ಲದೆ ಗಿಡ ತೆಗೆಯುವುದು ಅಪರಾಧ. ಮೇಘಾಲಯದ ನೆಪೆಂಥಿಸ್ ಖಾಸಿಯಾನಾ, ಅಂದರೆ ಭಾರತದ ಏಕೈಕ ಕಾಡು ನೆಪೆಂಥಿಸ್, ಇದೇ ಕಾಯ್ದೆಯ ಸಂರಕ್ಷಿತ ಸಸ್ಯಗಳ ಪಟ್ಟಿಯಲ್ಲಿದೆ. ಜನ ಕಿತ್ತು ಮಾರಿದ್ದೂ ಅದು ಅಳಿವಿನಂಚಿಗೆ ಬರಲು ಒಂದು ಕಾರಣ.

ಕಾನೂನು ಬಿಡಿ, ಕಿತ್ತ ಡ್ರೊಸೆರಾ ಬದುಕುವುದೂ ಇಲ್ಲ. ಕೂದಲೆಳೆಯಂಥ ಬೇರು ಕಿತ್ತಾಗಲೇ ಹರಿಯುತ್ತದೆ. ಹೂ ಬಿಡುವ ಮೊದಲೇ ಕಿತ್ತರೆ ಮುಂದಿನ ವರ್ಷದ ಬೀಜವೂ ಹೋದಂತೆ. ಮಳೆಗಾಲದಲ್ಲಿ ಗುಡ್ಡಕ್ಕೆ ಹೋದಾಗ ಕಂಡರೆ ಫೋಟೊ ತೆಗೆಯಿರಿ. ಫಾರ್ವರ್ಡ್ ಮಾಡುವಾಗ ನಿಖರ ಜಾಗದ ಲೊಕೇಶನ್ ಹಾಕಬೇಡಿ.

ಮನುಷ್ಯರನ್ನು ತಿನ್ನುವ ಮರ?

ಇದು 150 ವರ್ಷ ಹಳೆಯ 'ಫಾರ್ವರ್ಡ್'. 1874ರಲ್ಲಿ ನ್ಯೂಯಾರ್ಕ್ ವರ್ಲ್ಡ್ ಎಂಬ ಅಮೆರಿಕದ ಪತ್ರಿಕೆ ಮಡಗಾಸ್ಕರ್‌ನಲ್ಲಿ ನರಭಕ್ಷಕ ಮರವಿದೆ ಎಂದು ಬರೆಯಿತು. ಅದು ಪೂರ್ತಿ ಕಟ್ಟುಕಥೆ. ಅಂಥ ಮರ ಎಲ್ಲೂ ಇಲ್ಲ. ಬೋರ್ನಿಯೊ ದ್ವೀಪದ ನೆಪೆಂಥಿಸ್ ರಾಜಾ ಎಂಬ ದೊಡ್ಡ ಹೂಜಿ ಗಿಡದಲ್ಲಿ ಅಪರೂಪಕ್ಕೆ ಇಲಿ ಬಿದ್ದು ಸತ್ತದ್ದುಂಟು. ದೊಡ್ಡ ಬೇಟೆಯ ದಾಖಲೆ ಅಷ್ಟಕ್ಕೇ ಮುಗಿಯುತ್ತದೆ. ಫ್ಲೈಟ್ರ್ಯಾಪ್ ನಿಮ್ಮ ಬೆರಳನ್ನು ಹಿಡಿದರೂ ನೋವಾಗುವುದಿಲ್ಲ.

ಮನೆಯ ಗ್ರೂಪಿಗೆ ಕಳಿಸಲು ಚುಟುಕಾಗಿ

• ಕೀಟಾಹಾರಿ ಗಿಡದಿಂದ ಮನೆಯ ಸೊಳ್ಳೆ ಕಡಿಮೆಯಾಗುವುದಿಲ್ಲ, ಡೆಂಗಿ ತಪ್ಪುವುದಿಲ್ಲ.
• ಗಿಡದ ತಟ್ಟೆಯ ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಬೆಳೆಯಬಹುದು. ಮರಳು ತುಂಬಿ, ಇಲ್ಲವೇ ವಾರಕ್ಕೊಮ್ಮೆ ಉಜ್ಜಿ ತೊಳೆಯಿರಿ.
• ಬೋರ್‌ವೆಲ್ ನೀರು ಬೇಡ, ಮಳೆನೀರು ಹಾಕಿ. ಗೊಬ್ಬರ ಬೇಡವೇ ಬೇಡ.
• ಕಪ್ಪತಗುಡ್ಡದ ಗಿಡ ಕಪ್ಪತಗುಡ್ಡದಲ್ಲೇ ಇರಲಿ.
• ಸೊಳ್ಳೆಗೆ ಮದ್ದು: ಬ್ಯಾರಲ್‌ಗೆ ಮುಚ್ಚಳ, ಕಿಟಕಿಗೆ ಜಾಲರಿ, ಹಗಲು ಮಲಗುವ ಮಗುವಿಗೂ ಸೊಳ್ಳೆಪರದೆ. ಜ್ವರ ಬಂದರೆ ತಡಮಾಡದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.